ಒಲೆಯ ಬಿಸಿ ಬೇರೆ, ಮೈಯ ಬಿಸಿ ಬೇರೆ

ಮೈಸೂರಿನಲ್ಲಿ ಮನೆಯಲ್ಲೇ ಒಬ್ಬಟ್ಟು ಮಾಡಿ ಆರ್ಡರ್ ಮೇಲೆ ಕೊಡುವುದು ನನ್ನ ಕೆಲಸ. ಬೆಳಗಿನ ಹೊತ್ತೆಲ್ಲ ಕಾವಲಿ ಮುಂದೆಯೇ. ಹಾಗಾಗಿ 46ರ ಸುಮಾರಿಗೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಸುರಿಯತೊಡಗಿದಾಗ ಮನೆಯವರೆಲ್ಲ ಒಲೆಯನ್ನೇ ಬೈದರು. ಆದರೆ ಒಲೆಯ ಸೆಕೆ ಎದ್ದು ಹೊರಗೆ ಹೋದರೆ ಇಳಿಯುತ್ತದೆ. ಇದು ಫ್ಯಾನ್ ಕೆಳಗೆ ಸುಮ್ನೆ ಕೂತಿದ್ದಾಗಲೂ ಬರುತ್ತಿತ್ತು. ಎರಡು ಮೂರು ನಿಮಿಷ ಇದ್ದು, ಹೋಗುವಾಗ ಚಳಿ ಹಿಡಿಸಿ ಹೋಗುತ್ತಿತ್ತು.

ಆರ್ಡರ್ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗುರುತು ಹಾಕಲು ಶುರು ಮಾಡಿದೆ. ಮುಟ್ಟಾದ ದಿನ, ಎಷ್ಟು ಹೋಯಿತು, ಬಿಸಿ ಯಾವಾಗ ಏರಿತು, ಅದಕ್ಕೆ ಮುಂಚೆ ಏನು ತಿಂದೆ ಕುಡಿದೆ, ರಾತ್ರಿ ನಿದ್ದೆ ಹೇಗಿತ್ತು. ಒಂದೊಂದು ಸಾಲು, ಅಷ್ಟೇ. ಮುಂದೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಹಾಳೆಗಳೇ. ಲೇಡಿ ಡಾಕ್ಟರ್ ಹತ್ತಿರ ಹೋದಾಗ 'ಒಂಥರಾ ಆಗುತ್ತೆ ಮೇಡಂ' ಅನ್ನುವ ಬದಲು ಪುಸ್ತಕವನ್ನೇ ಮುಂದಿಟ್ಟೆ.

ಅವರು ಬಿಡಿಸಿ ಹೇಳಿದರು. ಮೈಯ ಬಿಸಿಯನ್ನು ಹದದಲ್ಲಿಡುವ ಜಾಗ ಮಿದುಳಿನಲ್ಲಿದೆ. ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರಿಳಿದು ಕಡಿಮೆಯಾಗುತ್ತಾ ಹೋದಂತೆ ಆ ಜಾಗ ಮುಂಗೋಪಿಯಾಗುತ್ತದೆ. ಮೊದಲಾದರೆ ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಸಣ್ಣ ಬಿಸಿಗೂ ಮುಖ ಕೆಂಪಾಗಿಸಿ ಬೆವರಿಸುತ್ತದೆ. ಅಂದರೆ ಒಲೆಗೂ ಸ್ವಲ್ಪ ಪಾಲಿತ್ತು ಅನ್ನಿ. ಪುಸ್ತಕ ನೋಡಿದರೆ ನನಗೆ ಅದಕ್ಕಿಂತ ದೊಡ್ಡ ಶತ್ರು ಹಬೆಯಾಡುವ ಫಿಲ್ಟರ್ ಕಾಫಿ. ಬಿಡಲಿಲ್ಲ, ಮೈಸೂರಿನಲ್ಲಿದ್ದುಕೊಂಡು ಕಾಫಿ ಬಿಡುವುದುಂಟೇ! ಬೆಳಗ್ಗೆ ಒಂದಕ್ಕೆ ಇಳಿಸಿದೆ, ಆರಿಸಿ ಕುಡಿಯತೊಡಗಿದೆ. ಬೇಯಿಸುವ ಕೆಲಸ ಸಹಾಯಕ್ಕೆ ಬರುವ ಹುಡುಗಿಗೆ ಕೊಟ್ಟು, ಹೂರಣ ರುಬ್ಬುವುದು, ತಟ್ಟುವುದು ನಾನು ಇಟ್ಟುಕೊಂಡೆ. 'ಅಕ್ಕ, ನೀವು ಕಿಟಕಿ ಹತ್ರ ಕೂತ್ಕೊಳಿ' ಎಂದು ಅವಳೇ ಜಾಗ ಮಾಡಿಕೊಟ್ಟಳು.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ನಮ್ಮ ದೇಶದ ಹೆಂಗಸರಿಗೆ ಅದು ಸರಾಸರಿ 46-47ಕ್ಕೆ ಆಗುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. 40ಕ್ಕೂ ಮುಂಚೆ ನಿಂತರೆ ಅದನ್ನು ಬೇರೆಯಾಗಿಯೇ ನೋಡಬೇಕಂತೆ. ನನ್ನದು ಇನ್ನೂ ನಿಂತಿರಲಿಲ್ಲ. ಎರಡು ತಿಂಗಳು ನಾಪತ್ತೆ, ಆಮೇಲೆ ಬಂದರೆ ನಲ್ಲಿ ಬಿಟ್ಟ ಹಾಗೆ. ನಿಲ್ಲುವ ಮುಂಚಿನ ಈ ವರ್ಷಗಳೇ ಹೆಚ್ಚು ಗೋಳು. ಹಾರ್ಮೋನ್ ಪರೀಕ್ಷೆ ಮಾಡಿಸಲೇ ಎಂದು ಕೇಳಿದೆ. 45 ದಾಟಿದವರಿಗೆ ಲಕ್ಷಣ ಕೇಳಿಯೇ ಗೊತ್ತಾಗುತ್ತದೆ, ಸಾಮಾನ್ಯವಾಗಿ ಅದು ಬೇಡ ಅಂದರು. ಲ್ಯಾಬಿನ ದೊಡ್ಡ ಪ್ಯಾಕೇಜಿನ ದುಡ್ಡು ಉಳಿಯಿತು.

ಬದಲಿಗೆ ಬರೆದುಕೊಟ್ಟದ್ದು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮತ್ತು ಒಂದು ಸ್ಕ್ಯಾನ್. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9ನ್ನೂ ಮುಟ್ಟಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಯಾರ ಆರ್ಡರ್ ಯಾವುದು ಅಂತ ಮರೆವು, ಸಿಡಿಮಿಡಿ, ಎಲ್ಲದಕ್ಕೂ 'ಈ ವಯಸ್ಸೇ ಹಾಗೆ' ಅನ್ನುತ್ತಿದ್ದರಲ್ಲ, ಅದರಲ್ಲಿ ಅರ್ಧದಷ್ಟು ಬರೀ ರಕ್ತ ಕಡಿಮೆಯಾದದ್ದರಿಂದ. ವಯಸ್ಸಿನ ತಲೆಗೆ ಕಟ್ಟುವ ಮುಂಚೆ ಇದನ್ನು ನೋಡಿಸಿಕೊಳ್ಳಬೇಕು ಅಲ್ವಾ? ಕಬ್ಬಿಣದ ಮಾತ್ರೆ ಶುರುವಾಯಿತು. ಅದನ್ನು ಕಾಫಿ, ಟೀ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ; ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ.

ರಾತ್ರಿಯದ್ದು ಬೇರೆಯೇ ಕತೆ. ಬೆವರಿಗೆ ದಿಂಬು ಒದ್ದೆಯಾಗಿ ಎಚ್ಚರವಾಗುತ್ತಿತ್ತು. ಹಗಲು ಒಲೆ ಮುಂದೆ ತೂಕಡಿಕೆ. ನಮ್ಮವರಿಗೆ ಫ್ಯಾನ್ ಎರಡರಲ್ಲಿ ಸಾಕು, ನನಗೆ ಐದು ಬೇಕು. ಕೊನೆಗೆ ಅವರಿಗೆ ಕಂಬಳಿ, ನನಗೆ ತೆಳು ಹತ್ತಿ ಬಟ್ಟೆ ಅಂತ ರಾಜಿಯಾಯಿತು. ಆದರೂ ನಿದ್ದೆ ಸರಿಹೋಗಲಿಲ್ಲ. ಆಗ ಡಾಕ್ಟರ್ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದರು.

'ಅದು ತಗೊಂಡ್ರೆ ಕ್ಯಾನ್ಸರ್ ಬರುತ್ತೆ ಕಣೇ' ಎಂದಳು ನನ್ನ ಓರಗಿತ್ತಿ. ಆ ಭಯ ಹುಟ್ಟಿದ್ದು 2002ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಥರದ ಇನ್ನೊಂದು ಹಾರ್ಮೋನನ್ನೂ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಲ್ಲಿ 8 ಸ್ತನ ಕ್ಯಾನ್ಸರ್ ಹೆಚ್ಚಿಗೆ ಕಂಡಿತ್ತು. ಇಲ್ಲವೇ ಇಲ್ಲ ಅನ್ನುವಂತಿಲ್ಲ, ಎಲ್ಲರಿಗೂ ಬರುತ್ತದೆ ಅನ್ನುವಂತೆಯೂ ಇಲ್ಲ. 60ರ ಒಳಗಿದ್ದು, ಅಥವಾ ಮುಟ್ಟು ನಿಂತು 10 ವರ್ಷ ಆಗದೆ, ತೊಂದರೆ ಜೋರಾಗಿದ್ದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಅನ್ನುವುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ಕೆಟ್ಟಿದ್ದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಇದು ಬೇಡ. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ. ನನಗೆ ಮ್ಯಾಮೊಗ್ರಾಂ ಮಾಡಿಸಿ, ಬಿಪಿ ನೋಡಿ, ಮನೆತನದಲ್ಲಿ ಯಾರಿಗೆ ಏನಿತ್ತು ಎಂದೆಲ್ಲ ಕೇಳಿಯೇ ಕೊಟ್ಟರು.

ಈಸ್ಟ್ರೋಜನ್ ಜೆಲ್ಲನ್ನು ದಿನಾ ತೋಳಿಗೆ ಸವರಿ ಒಣಗಲು ಬಿಡಬೇಕು. ಮಕ್ಕಳಿಗೆ ಸೋಂಕಬಾರದು. ಗರ್ಭಕೋಶ ಇರುವವರು ಇದೊಂದನ್ನೇ ಹಚ್ಚುವಂತಿಲ್ಲ, ಒಳಪದರ ದಪ್ಪವಾಗುತ್ತದೆ. ಅದಕ್ಕೇ ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಅದು ನಿದ್ದೆಯನ್ನೂ ಎಳೆಯುತ್ತದೆ, ನನಗಂತೂ ವರವಾಯಿತು. ಕೆಲವು ವಾರಗಳಲ್ಲಿ ಬೆವರು ಇಳಿಯಿತು. ಪುಸ್ತಕದಲ್ಲಿ ಗುರುತುಗಳು ತೆಳುವಾದವು.

ಬಾಯಿಬಿಟ್ಟು ಹೇಳಲು ಕಷ್ಟವಾದದ್ದು ಇನ್ನೊಂದಿತ್ತು. ಕೆಳಗೆ ಒಣಗುವುದು, ಉರಿ, ಕೂಡುವಾಗ ನೋವು, ಮತ್ತೆ ಮತ್ತೆ ಉರಿಮೂತ್ರ. ಬಿಸಿ ಏರುವುದು ವರ್ಷಗಳು ಕಳೆದಂತೆ ತಾನಾಗಿ ತಗ್ಗುತ್ತದೆ, ಇದು ಮಾತ್ರ ಸುಮ್ಮನಿದ್ದರೆ ಹೆಚ್ಚುತ್ತಲೇ ಹೋಗುತ್ತದೆ. ಇದಕ್ಕೆ ಅಲ್ಲಿಗೇ ಹಚ್ಚುವ ಸಣ್ಣ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಡಾಕ್ಟರ್ ತಾವಾಗಿ ಕೇಳದಿದ್ದರೆ ನೀವೇ ಹೇಳಿ. ಕ್ರೀಮು ಹಚ್ಚತೊಡಗಿದ ಮೇಲೆ ಮೂತ್ರದ ಸೋಂಕಿಗೆ ಆ್ಯಂಟಿಬಯೋಟಿಕ್ ನುಂಗುವುದು ನನಗೆ ತಪ್ಪಿತು.

ಈಸ್ಟ್ರೋಜನ್ ಇಳಿದಾಗ ಸವೆಯುವ ಮೂಳೆಗೆ ರಾಗಿ, ಎಳ್ಳು, ಮೊಸರು, ಬಿಸಿಲಲ್ಲಿ ನಡಿಗೆ. ರಾಗಿ ನಮ್ಮಲ್ಲಿ ಹೇಗೂ ಇದೆ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಆದರೆ ನಡಿಗೆಯೊಂದೇ ಸಾಲದು, ಭಾರ ಎತ್ತಬೇಕು. ಬೇಳೆ ಮೂಟೆ ಎತ್ತುವುದಕ್ಕೆ ಈಗ ನಾನು ಯಾರನ್ನೂ ಕರೆಯುವುದಿಲ್ಲ.

ಇಷ್ಟರಲ್ಲಿ ನನ್ನ ಓರಗಿತ್ತಿಗೆ, ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ, ಒಂದು ದಿನ ಚೂರು ರಕ್ತ ಕಂಡಿತು. 'ಮತ್ತೆ ಹರೆಯ ಬಂತು' ಎಂದು ನಕ್ಕಳು. ನಾನು ಕೈಹಿಡಿದು ಕರೆದುಕೊಂಡು ಹೋದೆ. ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಹೆಚ್ಚಿನ ಸಲ ಸಣ್ಣ ಕಾರಣವೇ ಇರುತ್ತದೆ, ಕೆಲವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವು ಅದೇ. ಸ್ಕ್ಯಾನಿನಲ್ಲಿ ಒಳಪದರ ದಪ್ಪ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸಾದಾ ಪಾಲಿಪ್, ಅಂದರೆ ಕ್ಯಾನ್ಸರ್ ಅಲ್ಲದ ಸಣ್ಣ ಬೆಳವಣಿಗೆ ಅಂತ ಬಂತು, ತೆಗೆದುಹಾಕಿದರು. ವಾರದೊಳಗೆ ನನ್ನ ಅಡುಗೆಮನೆಗೆ ಬಂದು, ಕಣಕ ಗಟ್ಟಿಯಾಯಿತು ಎಂದು ತಕರಾರು ತೆಗೆದಳು.