ಬಾಯ್ಲರ್ ಒತ್ತಡ 3 ಬಾರ್ ಮುಟ್ಟಿದಾಗ

ಬಾಯ್ಲರ್‌ನಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಒತ್ತಡದ ಗೇಜಿನ ಮುಳ್ಳು ಏರುವುದು ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಇದನ್ನು ಗಮನಿಸದೆ, ಕೋಣೆ ಬೆಚ್ಚಗಿಡುವ ರೇಡಿಯೇಟರ್‌ನ ತಿರುಪು ಸಡಿಲಿಸಿ ನೀರು ಬಿಡುವವರೇ ಹೆಚ್ಚು. ನೀರು ಬಿಟ್ಟರೆ ಮುಳ್ಳು ಇಳಿಯುತ್ತದೆ ನಿಜ; ಕಾಯಿಲೆ ಇದ್ದಲ್ಲೇ ಇರುತ್ತದೆ.

ನಮ್ಮ ಮನೆಯಲ್ಲಿರುವುದು ಕೋಣೆಗಳನ್ನು ಬೆಚ್ಚಗಿಡುವ, ಮುಚ್ಚಿದ ಸುತ್ತಿನ ಬಾಯ್ಲರ್. ಒಮ್ಮೆ ತುಂಬಿದ ನೀರೇ ಪಂಪಿನ ಬಲದಿಂದ ರೇಡಿಯೇಟರ್‌ಗಳನ್ನು ಸುತ್ತಿ ಮರಳುತ್ತದೆ. ತಣ್ಣಗಿರುವಾಗ ಗೇಜು 1ರಿಂದ 1.5 ಬಾರ್ ತೋರಿಸಬೇಕು; ಬಿಸಿಯಾದಾಗ 2ರ ಆಸುಪಾಸಿಗೆ ಹೋದರೆ ಚಿಂತೆಯಿಲ್ಲ. 3 ಬಾರ್‌ನಲ್ಲಿ ಸೇಫ್ಟಿ ವಾಲ್ವ್ ತೆರೆದುಕೊಂಡು ಹೊರಗೋಡೆಯ ಕೊಳವೆಯಿಂದ ನೀರು ಚೆಲ್ಲುತ್ತದೆ. ನಮ್ಮಲ್ಲಿ ಆಗುತ್ತಿದ್ದುದು ಇದೇ. ಬಾಯ್ಲರ್ ಉರಿಯತೊಡಗಿದರೆ ಮುಳ್ಳು ಸರಸರನೆ ಮೂರಕ್ಕೆ ಏರುವುದು, ಹೊರಗೆ ನೀರು ಸುರಿಯುವುದು, ಆರಿದ ಮೇಲೆ ಒತ್ತಡ ಅರ್ಧ ಬಾರ್‌ಗೂ ಕೆಳಗಿಳಿಯುವುದು. ಮನೆಯವರು ಯಾರಾದರೂ ಮತ್ತೆ ನೀರು ತುಂಬಿಸಿದರೆ ಎಲ್ಲವೂ ಮೊದಲಿನಿಂದ ಶುರು.

ಮೊದಲ ಅನುಮಾನ ನೀರು ತುಂಬಿಸುವ ಕೊಳವೆಯ ಮೇಲೆ. ಅದರ ನಲ್ಲಿ ಪೂರ್ತಿ ಮುಚ್ಚದಿದ್ದರೆ ನಲ್ಲಿ ನೀರಿನ ಒತ್ತಡ ಹಗಲೂ ರಾತ್ರಿ ಒಳಗೆ ನುಗ್ಗುತ್ತಲೇ ಇರುತ್ತದೆ. ಎರಡೂ ಕಡೆಯ ನಲ್ಲಿಗಳನ್ನು ಬಿಗಿಮಾಡಿ ಕೊಳವೆಯನ್ನೇ ಕಳಚಿಟ್ಟೆ, ರಾತ್ರಿಯಿಡೀ ಬಾಯ್ಲರ್ ಆರಿಸಿದ್ದೆ. ಮುಳ್ಳು ಕದಲಲಿಲ್ಲ. ಸ್ನಾನದ ಬಿಸಿನೀರನ್ನೂ ಅದೇ ಬಾಯ್ಲರ್ ಕೊಡುವುದಾದರೆ ಈ ಪರೀಕ್ಷೆಯಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಕೊಳವೆ ಕಳಚಿದ ಮೇಲೂ ಒತ್ತಡ ಏರುತ್ತಿದ್ದರೆ, ರೇಡಿಯೇಟರ್ ಸುತ್ತಿನ ನೀರಿನ ಶಾಖದಿಂದ ನಲ್ಲಿ ನೀರನ್ನು ಕಾಯಿಸುವ, ಒಳಗಿನ ಶಾಖ ವಿನಿಮಯದ ಫಲಕದಲ್ಲಿ ಸಣ್ಣ ತೂತು ಬಿದ್ದು ನಲ್ಲಿ ನೀರು ರೇಡಿಯೇಟರ್ ಸುತ್ತಿಗೆ ಸೇರುತ್ತಿರಬಹುದು. ಬಾಯ್ಲರ್‌ಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿದಾಗ ಏರಿಕೆ ನಿಂತರೆ ಅನುಮಾನ ಗಟ್ಟಿಯಾಗುತ್ತದೆ. ನಮ್ಮಲ್ಲಿ ಆ ತೊಂದರೆ ಇರಲಿಲ್ಲ.

ತಣ್ಣಗಿದ್ದಾಗ ಏರದೆ ಬಿಸಿಯಾದಾಗ ಮಾತ್ರ ಏರುವುದಾದರೆ ಉಳಿದದ್ದು ಎಕ್ಸ್‌ಪ್ಯಾನ್ಷನ್ ವೆಸೆಲ್, ಅಂದರೆ ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬಿ. 10 ಡಿಗ್ರಿಯ ನೀರು 80 ಡಿಗ್ರಿಗೆ ಕಾಯುವಾಗ ಸುಮಾರು ಶೇಕಡ 3ರಷ್ಟು ಹಿಗ್ಗುತ್ತದೆ. ನೂರು ಲೀಟರ್ ಇದ್ದರೆ ಹತ್ತಿರ ಹತ್ತಿರ ಮೂರು ಲೀಟರ್ ಹೆಚ್ಚಾಯಿತು. ಅದಕ್ಕೆ ಎಲ್ಲಾದರೂ ಜಾಗ ಬೇಕು. ಉಕ್ಕಿನ ಈ ಡಬ್ಬಿಯೊಳಗೆ ರಬ್ಬರ್ ಪೊರೆಯೊಂದಿದೆ. ಅದರ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡುತ್ತದೆ. ವರ್ಷಗಳು ಕಳೆದಂತೆ ಗಾಳಿ ಸೋರಿ, ಪೊರೆ ಡಬ್ಬಿಯ ಗೋಡೆಗೆ ಅಂಟಿಕೊಂಡರೆ ಅದು ಕಂಠಮಟ್ಟ ಉಂಡವನ ಹೊಟ್ಟೆ. ಇನ್ನೊಂದು ತುತ್ತಿಗೂ ಎಡೆಯಿಲ್ಲ.

ಬಾಯ್ಲರ್ ಆರಿಸಿ, ವಿದ್ಯುತ್ ತೆಗೆದು, ನೀರು ಪೂರ್ತಿ ತಣ್ಣಗಾಗುವವರೆಗೆ ಕಾದೆ. ವೆಸೆಲ್‌ನ ಗಾಳಿ ವಾಲ್ವ್ ಕಾರಿನ ಚಕ್ರದಲ್ಲಿರುವಂಥದ್ದೇ. ಮುಚ್ಚಳ ತೆಗೆದು ಕಡ್ಡಿಯನ್ನು ಒತ್ತಿದೆ. ಅಲ್ಲಿಂದ ನೀರು ಚಿಮ್ಮಿದ್ದರೆ ಪೊರೆ ಹರಿದಿದೆ ಎಂದರ್ಥ, ಆಮೇಲೆ ಎಷ್ಟು ಗಾಳಿ ತುಂಬಿದರೂ ವ್ಯರ್ಥ. ನಮ್ಮದರಲ್ಲಿ ನೀರು ಬರಲಿಲ್ಲ, ಗಾಳಿಯೂ ಅಷ್ಟಕ್ಕಷ್ಟೇ. ಪೊರೆ ಉಳಿದಿದೆ ಎಂದು ಧೈರ್ಯ ಬಂತು.

ಇಲ್ಲಿಂದ ಮುಂದಿನ ಕ್ರಮ ಮುಖ್ಯ. ಬಾಯ್ಲರ್‌ನ ಕೆಳಗಿರುವ, ರೇಡಿಯೇಟರ್‌ಗಳ ಕಡೆ ಹೋಗಿಬರುವ ಎರಡು ವಾಲ್ವ್‌ಗಳನ್ನು ಮುಚ್ಚಿದೆ. ಬಾಯ್ಲರ್‌ನದೇ ಡ್ರೈನ್ ನಲ್ಲಿಗೆ ಪೈಪು ಸಿಕ್ಕಿಸಿ ಗೇಜು ಸೊನ್ನೆಗೆ ಬರುವವರೆಗೆ ನೀರು ಬಿಟ್ಟು, ಆ ನಲ್ಲಿಯನ್ನು ತೆರೆದೇ ಇಟ್ಟೆ. ನೀರಿನ ಒತ್ತಡ ಇರುವಾಗಲೇ ಚಕ್ರದ ಗೇಜು ಹಿಡಿದರೆ ಅದು ತೋರಿಸುವುದು ಪೊರೆಯ ಹಿಂದಿರುವ ನೀರಿನ ಒತ್ತಡವನ್ನು; ಗಾಳಿ ಖಾಲಿಯಾದ ವೆಸೆಲ್ ಕೂಡ ಗಾಳಿ ತುಂಬಿದಂತೆ ಕಾಣುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತ ಹೋದಂತೆ ಪೈಪಿನಿಂದ ಇನ್ನಷ್ಟು ನೀರು ಹೊರಬಂತು. ಅದು ವೆಸೆಲ್‌ನೊಳಗೆ ಸಿಕ್ಕಿಕೊಂಡಿದ್ದ ನೀರು. ನೋಡಿದಾಗ ಬಹಳ ಖುಷಿಯಾಯಿತು. ನೀರು ನಿಂತ ಮೇಲೂ ಪಂಪು ಮಾಡಿ, ವೆಸೆಲ್‌ನ ಮೇಲಿನ ಫಲಕದಲ್ಲಿ ಬರೆದಿದ್ದ 0.75 ಬಾರ್‌ಗೆ ತಂದೆ. ಎಲ್ಲ ಮನೆಗೂ ಇದೇ ಅಂಕಿ ಎಂದಲ್ಲ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತುತ್ತದೆ, ಹಾಗಾಗಿ ರೇಡಿಯೇಟರ್ ಎಷ್ಟು ಮೇಲಿದೆಯೋ ಗಾಳಿಯೂ ಅಷ್ಟು ಹೆಚ್ಚು ಬೇಕು. ದೊಡ್ಡ ಕಂಪ್ರೆಸರ್ ತರುವುದು ಅತಿಯಾಯಿತು. ಪೊರೆಗೆ ಅದು ಒಳ್ಳೆಯದಲ್ಲ.

ಗಾಳಿ ವಾಲ್ವ್‌ಗೆ ಸೋಪಿನ ನೀರು ಸವರಿ ಗುಳ್ಳೆ ಏಳುವುದಿಲ್ಲ ಎಂದು ನೋಡಿ ಮುಚ್ಚಳ ಬಿಗಿದೆ. ಡ್ರೈನ್ ಮುಚ್ಚಿ, ವಾಲ್ವ್‌ಗಳನ್ನು ತೆರೆದು, ನೀರನ್ನು 1.2ಕ್ಕೆ ತುಂಬಿಸಿ, ರೇಡಿಯೇಟರ್‌ಗಳಲ್ಲಿ ಸೇರಿದ ಗಾಳಿಯನ್ನು ಬಿಟ್ಟೆ. ಮತ್ತೆಮತ್ತೆ ಹೊಸ ನೀರು ತುಂಬಿಸಿದರೆ ಅದರೊಂದಿಗೆ ಬರುವ ಆಮ್ಲಜನಕದಿಂದ ಒಳಗೆ ತುಕ್ಕು ಹೆಚ್ಚುತ್ತದೆ, ಆದ್ದರಿಂದ ತುಕ್ಕು ತಡೆಯುವ ದ್ರಾವಣವನ್ನೂ ಸೇರಿಸಿದೆ. ಬಾಯ್ಲರ್ ಉರಿಸಿದಾಗ ಮುಳ್ಳು 1.7ರ ಹತ್ತಿರ ನಿಂತಿತು.

ಆದರೆ ಹೊರಗಿನ ಕೊಳವೆ ಮಾತ್ರ ತೊಟ್ಟಿಕ್ಕುತ್ತಲೇ ಇತ್ತು. ಸೇಫ್ಟಿ ವಾಲ್ವ್ ಪದೇ ಪದೇ ತೆರೆದುಕೊಂಡರೆ ಅದರ ಮುಚ್ಚಳ ಕೂರುವ ಜಾಗದಲ್ಲಿ ಕಸ ಸಿಕ್ಕಿ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದು. ಅದನ್ನು ಬದಲಿಸಲು ನಮ್ಮ ಬಾಯ್ಲರ್‌ನ ಹೊದಿಕೆ ತೆಗೆಯಬೇಕು, ಒಳಗೆ ಗ್ಯಾಸ್ ಇದೆ. ಅಲ್ಲಿಗೆ ನನ್ನ ಕೈ ಹೋಗುವುದಿಲ್ಲ; ಪರವಾನಗಿ ಇರುವ ತಂತ್ರಜ್ಞರು ಬಂದು ಹೊಸ ವಾಲ್ವ್ ಹಾಕಿದರು. ಪೊರೆ ಹರಿದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವರನ್ನು ಕೇಳಿದೆ. ವೆಸೆಲ್ ಬಾಯ್ಲರ್‌ನ ಬೆನ್ನಿಗಿದ್ದರೆ ಇಡೀ ಬಾಯ್ಲರ್ ಇಳಿಸುವ ಬದಲು, ಮರಳಿ ಬರುವ ಕೊಳವೆಗೆ ಹೊರಗಿನಿಂದ ಇನ್ನೊಂದು ವೆಸೆಲ್ ಜೋಡಿಸಿದರೆ ಸಾಕು ಎಂದರು.