ಅರ್ಜೆಂಟ್ ಮಾಲಿನ ಬಾಡಿಗೆ: ಕಲಬುರಗಿಯಲ್ಲಿ ನನ್ನ ಪಿಕಪ್‌ಗೆ ಕಾಯಂ ಕೆಲಸ ಸಿಕ್ಕಿದ್ದು ಹೀಗೆ

ಕಲಬುರಗಿಯಲ್ಲಿ ಪಿಕಪ್ ಗಾಡಿಗಳಿಗೇನೂ ಬರ ಇಲ್ಲ. ಬೆಳಿಗ್ಗೆ ಗಂಜ್ ಕಡೆ ಹೋಗಿ ನೋಡಿ, ಬೊಲೆರೊ, ಛೋಟಾ ಹಾಥಿ ಸಾಲುಗಟ್ಟಿ ನಿಂತಿರುತ್ತವೆ. ಒಂದು ಬಾಡಿಗೆ ಬಂದರೆ ಐದು ಜನ ಓಡುತ್ತಾರೆ. ರೇಟು ಅಲ್ಲೇ ನೆಲಕ್ಕೆ ಬೀಳುತ್ತದೆ. ತೊಗರಿ ಸುಗ್ಗಿಯಲ್ಲಿ ಪರವಾಗಿಲ್ಲ, ದಾಲ್ ಮಿಲ್ಲುಗಳು ಹಗಲು-ರಾತ್ರಿ ನಡೆಯುತ್ತವೆ. ಸುಗ್ಗಿ ಮುಗಿದರೆ ಬೇವಿನ ನೆರಳಲ್ಲಿ ಕೂತು ಇಸ್ಪೀಟು. ಗಾಡಿಯ ಕಂತು ಮಾತ್ರ ಸುಗ್ಗಿ ನೋಡಿ ಬರುವುದಿಲ್ಲ, ಅಲ್ವಾ?

ನಾನು ಆ ಸಾಲು ಬಿಟ್ಟು ಈಗ ಹೆಚ್ಚಾಗಿ ಅರ್ಜೆಂಟ್ ಮಾಲು ಹೊಡೆಯುತ್ತೇನೆ. ಒಬ್ಬರದೇ ಮಾಲು, ಒಂದೇ ಗಾಡಿ, ದಾರಿಯಲ್ಲಿ ಎಲ್ಲೂ ಇಳಿಸುವ ಹಾಗಿಲ್ಲ. ಪಾರ್ಸೆಲ್ ಆಫೀಸಿಗೆ ಹಾಕಿದರೆ ನಾಡಿದ್ದು ಮುಟ್ಟುವುದು ಇವತ್ತೇ ರಾತ್ರಿ ಬೇಕು ಅನ್ನುವವರ ಕೆಲಸ ಇದು.

ಇಂಥ ಅವಸರ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹುಟ್ಟುತ್ತದೆ ಅಂತ ಯೋಚಿಸಿದರೆ ಉತ್ತರ ಕಣ್ಣೆದುರಿಗೇ ಇದೆ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಎಲ್ಲ ಕಡೆ ಸಿಮೆಂಟ್ ಫ್ಯಾಕ್ಟರಿ. ಕಿಲ್ನ್ ಅಂದರೆ ಸಿಮೆಂಟ್ ಸುಡುವ ದೊಡ್ಡ ಕುಲುಮೆ, ಅದರೊಳಗೆ ಮಾಲು 1,450 ಡಿಗ್ರಿ ಹತ್ತಿರ ಬೇಯುತ್ತಿರುತ್ತದೆ. ಅದು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಕಾಯಿಸಿ ಹದಕ್ಕೆ ತರುವುದು ಗಂಟೆ-ಎರಡು ಗಂಟೆಯ ಮಾತಲ್ಲ. ಅದು ಮತ್ತೆ ತಿರುಗಲು ಬೇಕಾದ ಬೇರಿಂಗ್ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿದೆ ಅಂದರೆ, ಅದನ್ನು ತರುವ ಗಾಡಿಯ ಬಾಡಿಗೆಗೆ ಯಾರೂ ಚೌಕಾಸಿ ಮಾಡುತ್ತಾ ಕೂರುವುದಿಲ್ಲ.

ಹಾಗಂತ ಫ್ಯಾಕ್ಟರಿ ಗೇಟಿಗೆ ಹೋಗಿ ವಿಸಿಟಿಂಗ್ ಕಾರ್ಡ್ ಕೊಟ್ಟರೆ ಕೆಲಸ ಸಿಗುವುದಿಲ್ಲ. ಸೆಕ್ಯುರಿಟಿಯವರು ಒಳಗೇ ಬಿಡುವುದಿಲ್ಲ. ನಾನು ಹಿಡಿದದ್ದು ಹಿಂದಿನ ಬಾಗಿಲು: ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ, ಬೇರಿಂಗ್ ಡೀಲರ್, ಕಪನೂರ ಇಂಡಸ್ಟ್ರಿಯಲ್ ಏರಿಯಾದ ಲೇತ್ ವರ್ಕ್‌ಶಾಪ್. ಫ್ಯಾಕ್ಟರಿಗೆ "ಇಷ್ಟು ಹೊತ್ತಿಗೆ ಮುಟ್ಟಿಸುತ್ತೇವೆ" ಅಂತ ಮಾತು ಕೊಡುವವರು ಇವರು. ಮಾತು ತಪ್ಪಿದರೆ ಬೈಸಿಕೊಳ್ಳುವವರೂ ಇವರೇ. ಅದಕ್ಕೇ ಗಾಡಿಯವನ ಬಗ್ಗೆ ಇವರಿಗೇ ಜಾಸ್ತಿ ಚಿಂತೆ.

ನನಗೆ ಮೊದಲ ಕಾಯಂ ಗಿರಾಕಿ ಆದವರು ಒಬ್ಬ ರಿವೈಂಡಿಂಗ್ ಮಿಸ್ತ್ರಿ. "ತಮ್ಮಾ, ಮೋಟಾರ್ ರೆಡಿ ಆಗಾದು ರಾತ್ರಿ ಹನ್ನೊಂದಕ್ಕ. ಬರ್ತೀಯೇನು?" ಅಂತ ಕೇಳಿದರು. "ಬರ್ತೀನ್ರಿ ಕಾಕಾ" ಅಂದೆ. ಬೇರೆಯವರು ಬೆಳಿಗ್ಗೆ ನೋಡೋಣ ಅಂದಿದ್ದರಂತೆ. ವಾರ್ನಿಷ್ ಒಣಗುವ ತನಕ ಅಂಗಡಿಯ ಕಟ್ಟೆ ಮೇಲೆ ಕೂತಿದ್ದೆ. ಮೋಟಾರ್ ಹೇರುವ ಕ್ರಮ ಕಲಿತದ್ದೂ ಅಲ್ಲೇ. ಹಗ್ಗ ಎಂದೂ ಶಾಫ್ಟಿಗೆ ಹಾಕಬಾರದು, ಎತ್ತುವ ಕೊಂಡಿ ಬೇರೆಯೇ ಇರುತ್ತದೆ. ಮೋಟಾರಿನ ಕಾಲಡಿ ಕಟ್ಟಿಗೆ ಹಲಗೆ ಕೊಡಬೇಕು, ಶಾಫ್ಟಿಗೆ ಗೋಣಿ ಸುತ್ತಬೇಕು, ಬೆಲ್ಟಿನಿಂದ ನಾಲ್ಕೂ ಮೂಲೆಗೆ ಬಿಗಿಯಬೇಕು. ಮೇಲೆ ತಾಡಪತ್ರಿ ಬೇಕೇ ಬೇಕು, ಆಕಾಶ ತಿಳಿಯಾಗಿದ್ದರೂ ಬೇಕು. ಹಾಗೆಯೇ ದೊಡ್ಡ ಬೇರಿಂಗನ್ನು ಅಡ್ಡಡ್ಡ ಮಲಗಿಸಿಯೇ ಇಡಬೇಕು, ಕಾಗದ ಬಿಚ್ಚಬಾರದು. ಮಾಲು ಇಳಿಸಿಕೊಳ್ಳುವ ಸ್ಟೋರ್‌ನವರು ಇದನ್ನೆಲ್ಲ ನೋಡುತ್ತಾರೆ. ನಮ್ಮ ಫೋನ್ ನಂಬರ್ ಬರೆದುಕೊಳ್ಳುವುದು ಆಗ.

ಇನ್ನು ಫೋನ್. ಈ ಧಂದೆಯಲ್ಲಿ ವೇಗಕ್ಕಿಂತ ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. "ಎಲ್ಲಿದೀಯಾ?" ಅಂದರೆ ಡ್ರೈವರ್‌ಗಳು ಸುಮ್ನೆ "ಬಂದೇ ಬಿಟ್ಟೆ" ಅನ್ನುತ್ತಾರೆ. ಫ್ಯಾಕ್ಟರಿಯಲ್ಲಿ ಕ್ರೇನ್ ತರಿಸಿ, ಫಿಟ್ಟರ್‌ಗಳನ್ನು ಎಬ್ಬಿಸಿ ಕೂರಿಸಿರುತ್ತಾರೆ. ಜಹೀರಾಬಾದ್‌ನಲ್ಲಿದ್ದರೆ ಜಹೀರಾಬಾದ್ ಅನ್ನಿ, ಲೊಕೇಶನ್ ಕಳಿಸಿ. ತಡ ಆದರೆ ಅವರು ಕೇಳುವ ಮೊದಲೇ ಹೇಳಿ. ಮಳೆಗಾಲದಲ್ಲಂತೂ ಹೊರಡುವ ಮುಂಚೆಯೇ ದಾರಿ ವಿಚಾರಿಸಬೇಕು. ಕಾಗಿಣಾ ನದಿ ತುಂಬಿ ಮಳಖೇಡ ಸೇತುವೆ ಮೇಲೆ ನೀರು ಹರಿದರೆ ಸೇಡಂ ರಸ್ತೆ ಬಂದ್. ಹೈದರಾಬಾದಿನಿಂದ ಸೇಡಂಗೆ ಬರುವ ಮಾಲಾದರೆ ತಾಂಡೂರು ಕಡೆಯಿಂದ ತರಬಹುದು, ಆ ಸೇತುವೆಯ ಗೊಡವೆಯೇ ಬೇಡ.

ಕಾಗದಪತ್ರದ ವಿಷಯ ಬೇಜಾರಿನದು, ಆದರೆ ರಾತ್ರಿ ಎರಡಕ್ಕೆ ಗೇಟಿನಲ್ಲಿ ನಿಲ್ಲಿಸುವುದು ಅದೇ. ಆರ್‌ಸಿ, ಇನ್ಶೂರೆನ್ಸ್, ಫಿಟ್ನೆಸ್, ಹೊಗೆ ಸರ್ಟಿಫಿಕೇಟ್, ಲೈಸೆನ್ಸ್ ಒಂದು ಫೈಲಲ್ಲಿ ಇರಲಿ. ಹೆಲ್ಮೆಟ್, ಸೇಫ್ಟಿ ಶೂ ಗಾಡಿಯಲ್ಲೇ ಇರಲಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಸಾಗಣೆ ಚೀಟಿ ಬೇಕು. 200 ಕಿಲೋಮೀಟರ್‌ಗೆ ಒಂದು ದಿನದಂತೆ ಅದರ ಅವಧಿ. ಹೊರಡುವ ಮೊದಲು ಅದರಲ್ಲಿ ನಿಮ್ಮ ಗಾಡಿ ನಂಬರ್ ಸರಿ ಇದೆಯಾ ಅಂತ ನೀವೇ ಓದಿ. ಮಾಲು ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ನಾನು ಸಣ್ಣ ಗಾಡಿಯಲ್ಲೇ ಉಳಿದದ್ದಕ್ಕೆ ಇದೂ ಒಂದು ಕಾರಣ. ಓವರ್‌ಲೋಡ್ ಮಾತ್ರ ಮಾಡುವುದಿಲ್ಲ. ದಂಡ 20,000 ರೂಪಾಯಿಯಿಂದ ಶುರು, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಬೀದರ್, ಹುಮನಾಬಾದ್ ಕಡೆಯಿಂದ ಕೆಮಿಕಲ್ ಡ್ರಮ್ಮಿಗೆ ಕರೆ ಬರುತ್ತದೆ. ಅಪಾಯಕಾರಿ ಮಾಲಿಗೆ ಡ್ರೈವರ್ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿರಬೇಕು. ನನ್ನದರಲ್ಲಿ ಅದಿಲ್ಲ, ಹಾಗಾಗಿ ಒಲ್ಲೆ ಅನ್ನುತ್ತೇನೆ.

ರೇಟು ಹೇಳುವಾಗ ಹೋಗಿ-ಬರುವ ಎರಡೂ ದಾರಿ ಲೆಕ್ಕ ಹಾಕಿ. ಹೈದರಾಬಾದ್ ಅಂದರೆ ಸುಮಾರು 220 ಕಿಲೋಮೀಟರ್ ಅಲ್ಲ, 440. ನನ್ನ ಗಾಡಿ ಲೀಟರಿಗೆ 12-13 ಕೊಡುತ್ತದೆ, ಅಂದರೆ 35 ಲೀಟರ್ ಡೀಸೆಲ್. ಅದರ ಮೇಲೆ ಟೋಲ್, ವೇಟಿಂಗ್, ನಿಮ್ಮ ನಿದ್ದೆ. ಡೀಸೆಲ್ ದುಡ್ಡು ಮುಂಗಡ ತೆಗೆದುಕೊಳ್ಳಿ. ಉಳಿದದ್ದಕ್ಕೆ ಬಿಲ್ ಕೊಡಿ. ಒಬ್ಬ ಗುತ್ತಿಗೆದಾರ "ಮುಂದಿನ ವಾರ" ಅನ್ನುತ್ತಾ ನನ್ನ ಬಾಡಿಗೆಯನ್ನು ತಿಂಗಳುಗಟ್ಟಲೆ ಎಳೆದಾಡಿಸಿದ. ಆಮೇಲೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿದೆ, ಅದಕ್ಕೆ ದುಡ್ಡು ಬೇಡ. ಹಾಗೆ ನೋಂದಾಯಿಸಿದ ಸಣ್ಣವರ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಹತ್ತು ಗೂಡ್ಸ್ ಗಾಡಿ ಮೀರದವರು ಪ್ಯಾನ್ ಜೊತೆ ಒಂದು ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವಂತಿಲ್ಲ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೊಡಬೇಕು.

ಉಳಿದದ್ದು ಖಾಲಿ ದಾರಿಯ ಸಮಸ್ಯೆ. ಅರ್ಜೆಂಟ್ ಮಾಲು ಬಹುತೇಕ ಹೈದರಾಬಾದಿನಿಂದ ಈ ಕಡೆಗೇ ಬರುತ್ತದೆ. ಹೋಗುವಾಗ ಗಾಡಿ ಖಾಲಿ. ಅದಕ್ಕೆ ರಿಪೇರಿಗೆ ಹೋಗುವ ಹಳೇ ಗೇರ್‌ಬಾಕ್ಸ್ ಇದೆಯಾ ಅಂತ ಲೇತ್‌ನವರಿಗೆ ಒಂದು ಫೋನ್, ಆ ಕಡೆಗೆ ಬೇಳೆ ಚೀಲ ಇದೆಯಾ ಅಂತ ಮಿಲ್ಲಿನವರಿಗೆ ಒಂದು ಫೋನ್ ಮಾಡಿಯೇ ಹೊರಡುತ್ತೇನೆ. ಸಿಕ್ಕರೆ ಡೀಸೆಲ್ ಖರ್ಚಾದರೂ ಹುಟ್ಟುತ್ತದೆ. ಐದು ನಿಮಿಷದಲ್ಲಿ ಹೇರುವುದಿದ್ದರೆ ಮಾತ್ರ. ಬರುವಾಗ ಅರ್ಜೆಂಟ್ ಮಾಲಿನ ಪಕ್ಕದಲ್ಲಿ ಜಾಗ ಎಷ್ಟೇ ಇದ್ದರೂ ಬೇರೆಯವರದು ಒಂದು ಡಬ್ಬಿಯನ್ನೂ ಹಾಕಿಕೊಳ್ಳುವುದಿಲ್ಲ.