ಕಲಬುರಗಿ ಬಿಸಿಲಲ್ಲಿ ಕೈತೋಟ: ನೀರು ಹಾಕುವುದು ಹೀಗೆ

ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಬದನೆ ಗಿಡದ ಎಲೆಗಳೆಲ್ಲ ಜೋತು ಬೀಳುತ್ತವೆ. ಹೊಸದಾಗಿ ಕೈತೋಟ ಮಾಡಿದವರು ಪೈಪ್ ಹಿಡಿದು ಓಡುತ್ತಾರೆ. ನಾನೂ ಓಡಿದವನೇ. ಮೊದಲ ಬೇಸಿಗೆಯಲ್ಲಿ ಆರರಲ್ಲಿ ನಾಲ್ಕು ಗಿಡ ಸತ್ತವು. ಕಿತ್ತು ನೋಡಿದರೆ ಬೇರು ಒಣಗಿರಲಿಲ್ಲ, ಕೊಳೆತಿತ್ತು. ನಮ್ಮ ಆಯಿ ಹೇಳಿದ್ದು ಇಷ್ಟೇ: “ಎಲಿ ಏನ್ ನೋಡ್ತಿ, ಮಣ್ಣಾಗ ಕೈ ಹಾಕಿ ನೋಡು.”

42 ಡಿಗ್ರಿ ಬಿಸಿಲಿಗೆ ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತದೆ. ಬಾಡುವುದು ಅದಕ್ಕೆ. ಸಂಜೆ ತಂಪಾದ ಮೇಲೆ ಎಲೆ ನೆಟ್ಟಗಾದರೆ ಗಾಬರಿ ಬೇಡ. ಬೆಳಿಗ್ಗೆ ಆರಕ್ಕೂ ಬಾಡಿಯೇ ಇದ್ದರೆ ಒಂದೋ ನೀರಡಿಕೆ, ಇಲ್ಲವೇ ಬೇರಿನ ತೊಂದರೆ.

ಮೊದಲು ಬೆರಳು

ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿದರೆ ಅಂದು ನೀರು ಬೇಡ. ನೆಲದಲ್ಲಿ ಬೆಳೆಸುವವರು ಇನ್ನೂ ಆಳ ನೋಡಬೇಕು, ಏಕೆಂದರೆ ನಮ್ಮ ಎರೆಮಣ್ಣು ಮೋಸಗಾರ. ಮೇಲೆ ಬಿರುಕು ಬಿಟ್ಟು ಸುಟ್ಟಂತಿರುತ್ತದೆ, ಗೇಣು ಕೆಳಗೆ ಹಸಿ ಇರುತ್ತದೆ. ಖುರ್ಪಿಯಿಂದ ಗೇಣು ಆಳ ಕೆದಕಿ ಒಂದು ಹಿಡಿ ತೆಗೆಯಿರಿ. ಉಂಡೆ ಕಟ್ಟಲು ಬಂದರೆ ಎರಡು ದಿನ ಕಾಯಬಹುದು. ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ: ನೀರು ಬೇಗ ಇಳಿದುಹೋಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಬೇಕು.

ಆಮೇಲೆ ನೀರು

ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಧ್ಯಾಹ್ನವೇ ಹಾಕಬೇಕಾಗಿ ಬಂದರೆ ಪೈಪಿನ ಮೊದಲ ನೀರನ್ನು ಬೇರೆಡೆ ಬಿಡಿ. ಬಿಸಿಲಿಗೆ ಬಿದ್ದ ಪೈಪಿನೊಳಗೆ ಅದು ಕುದಿಯುವಂತಿರುತ್ತದೆ.

ಗಿಡದ ಸುತ್ತ ಪಾತಿ ಮಾಡಿ, ಕಾಂಡಕ್ಕೆ ತಾಗದಂತೆ ನಿಧಾನ ಸುರಿಯಿರಿ. ಎರೆಮಣ್ಣು ಒಂದೇ ಸಲಕ್ಕೆ ಹೀರುವುದಿಲ್ಲ. ಅರ್ಧ ಹಾಕಿ, ಚಹಾ ಕುಡಿದು ಬಂದು ಉಳಿದರ್ಧ ಹಾಕಿ. ಒಂದು ಚದರ ಮೀಟರ್ ಮಡಿಗೆ 25 ಲೀಟರ್ ಹಾಕಿದರೆ ಒಂದು ಇಂಚು ಮಳೆ ಬಿದ್ದ ಲೆಕ್ಕ. ದಿನಾ ಒಂದೊಂದು ತಂಬಿಗೆ ಚಿಮುಕಿಸಿದರೆ ಬೇರು ಮೇಲೆಯೇ ಹರಡಿ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಮೆಂತ್ಯ, ಕೊತ್ತಂಬರಿಯ ಎಳೆ ಸಸಿಗಳಿಗೆ ಮಾತ್ರ ಈ ಚಿಮುಕಿಸುವಿಕೆ ಸರಿ.

ಕುಂಡಕ್ಕಾದರೆ ತಳದ ತೂತಿನಿಂದ ನೀರು ಹೊರಬರುವವರೆಗೆ. 12 ಇಂಚಿನ ಕುಂಡಕ್ಕೆ ಒಂದೂವರೆ, ಎರಡು ಲೀಟರ್ ಬೇಕಾಗುತ್ತದೆ. ಹಾಕಿದ ಕೂಡಲೇ ಅಂಚಿನಿಂದ ಸರ್ರನೆ ಇಳಿದು ಹೋಯಿತೆ? ಮಣ್ಣು ಪೂರ್ತಿ ಒಣಗಿ ಕುಂಡದಿಂದ ಬಿಟ್ಟುಕೊಂಡಿದೆ. ಬಕೆಟ್ ನೀರಿನಲ್ಲಿ ಅರ್ಧ ತಾಸು ಕುಂಡವನ್ನೇ ಇಡಿ. ಮಾಳಿಗೆ ಮೇಲಿನ ಶಹಾಬಾದ್ ಪರಸಿ ಕಲ್ಲಿಗೆ ಕುಂಡ ನೇರ ತಾಗಬಾರದು. ಬರಿಗಾಲಲ್ಲಿ ಅಲ್ಲಿ ನಿಂತವರಿಗೆ ಕಾರಣ ಗೊತ್ತು. ಕೆಳಗೆ ಎರಡು ಇಟ್ಟಿಗೆ ಸಾಕು.

ನಳ ಬಾರದ ದಿನಗಳಿಗೆ

ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಮಣ್ಣಿನ ಗಡಿಗೆ. ಗಿಡದ ಪಕ್ಕ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಮುಚ್ಚಳ ಇಡಿ. ಗಡಿಗೆ ಒಸರುತ್ತ ಬೇರಿಗೆ ನೀರುಣಿಸುತ್ತದೆ. ನೀರು ತಂಪಾಗುತ್ತಿಲ್ಲವೆಂದು ಮೂಲೆಗಿಟ್ಟ ಹಳೆ ಗಡಿಗೆ ಇದಕ್ಕೆ ಆಗದು: ಅದರ ಸಣ್ಣ ರಂಧ್ರಗಳು ಕಟ್ಟಿಕೊಂಡಿರುತ್ತವೆ. ಹೊಸದೇ ತನ್ನಿ.

ತೊಗರಿಬೇಳೆ, ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಬಹುದು. ಸೋಪಿನ ನೀರು ಬೇಡ, ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರೂ ಕುಂಡಕ್ಕೆ ಬೇಡ. ಅದರಲ್ಲಿ ಉಪ್ಪಿನಂಶ ಹೆಚ್ಚು. ಗಡಸು ಬೋರ್ ನೀರು ಹಾಕುವವರ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುವುದೂ ಉಪ್ಪಿನಿಂದಲೇ. ಮಳೆನೀರು ಹಿಡಿದಿಟ್ಟಿದ್ದರೆ ಆಗಾಗ ಧಾರಾಳವಾಗಿ ಸುರಿದು ತೊಳೆದುಬಿಡಿ.

ಬುಡಕ್ಕೆ ಎರಡು ಇಂಚು ಒಣ ಎಲೆ ಹೊದಿಸಿದರೆ ತೇವ ಹೆಚ್ಚು ದಿನ ಉಳಿಯುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದರೆ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದಿಡಿ, ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು. ಹೊರಗೆ ಧೋ ಎನ್ನುತ್ತಿದ್ದರೂ ಸೂರಿನಡಿಯ ತುಳಸಿಯ ಮಣ್ಣು ಮುಟ್ಟಿ ನೋಡಿ. ಅದರ ಮೇಲೆ ಹನಿಯೂ ಬಿದ್ದಿರುವುದಿಲ್ಲ.